ಎಂಡೊಮೆಟ್ರಿಯೋಸಿಸ್ ಇದ್ದವರಿಗೆ ಸ್ತನ ಕ್ಯಾನ್ಸರ್ ಬರುತ್ತದೆಯೇ?

ಓದುಗರ ಪ್ರಶ್ನೆ: ನನಗೆ 36 ವರ್ಷ. ಎರಡು ವರ್ಷದ ಹಿಂದೆ ಎಡ ಅಂಡಾಶಯದ ಚಾಕೊಲೇಟ್ ಸಿಸ್ಟ್‌ಗೆ ಲ್ಯಾಪ್ರೊಸ್ಕೋಪಿ ಆಯಿತು. ಎಂಡೊಮೆಟ್ರಿಯೋಸಿಸ್ ಎಂದು ಗೊತ್ತಾದದ್ದು ಆಗಲೇ. ಆಮೇಲೆ ದಿನಕ್ಕೊಂದು ಡೈನೋಜೆಸ್ಟ್ 2 ಮಿಲಿಗ್ರಾಂ ಮಾತ್ರೆ ತೆಗೆದುಕೊಂಡೆ. ನೋವು ಬಹುಪಾಲು ಹೋಗಿತ್ತು. ಮೊನ್ನೆಯ ಸ್ಕ್ಯಾನ್‌ನಲ್ಲಿ ಮತ್ತೆ 3 ಸೆಂ.ಮೀ. ಸಿಸ್ಟ್ ಕಾಣಿಸಿದೆ, ಸಿಎ-125 ರಕ್ತಪರೀಕ್ಷೆ 62 ಬಂದಿದೆ. ನನ್ನ ಚಿಕ್ಕಮ್ಮನಿಗೆ (ಅಮ್ಮನ ತಂಗಿ) 58ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಆಗಿತ್ತು. ನನಗೂ ಎರಡೂ ಎದೆ ಭಾರವಾಗಿ ನೋಯುತ್ತದೆ. ‘ನಿನ್ನ ಮೈಯಲ್ಲಿ ಈಸ್ಟ್ರೋಜನ್ ಜಾಸ್ತಿ, ಅದಕ್ಕೇ ಈ ರೋಗ, ಮುಂದೆ ಸ್ತನ ಕ್ಯಾನ್ಸರ್‌ಗೂ ಅದೇ ದಾರಿ’ ಎಂದು ಪರಿಚಿತರೊಬ್ಬರು ಹೇಳಿದ ಮೇಲೆ ಹೆದರಿ ತಿಂಗಳ ಹಿಂದೆ ನಾನೇ ಮಾತ್ರೆ ನಿಲ್ಲಿಸಿದೆ. ಈಗ ಹಳೆಯ ನೋವು ಮರಳಿದೆ. ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಸಿಬಿಟ್ಟರೆ ಎರಡೂ ಭಯ ಒಟ್ಟಿಗೇ ಮುಗಿಯುತ್ತದೆಯೇ? ಆದರೆ ನಮಗಿನ್ನೂ ಮಗುವಿನ ಆಸೆ ಇದೆ. ಮ್ಯಾಮೋಗ್ರಾಂ ಈಗಲೇ ಮಾಡಿಸಲೇ?

ತಜ್ಞರ ಉತ್ತರ:

ನಿಮ್ಮ ಪತ್ರದಲ್ಲಿ ಐದಾರು ಭಯಗಳು ಒಂದಕ್ಕೊಂದು ಹೆಣೆದುಕೊಂಡು ಒಂದೇ ದೊಡ್ಡ ಭಯವಾಗಿವೆ. ಬಿಡಿಸಿ ನೋಡಿದರೆ ಕೆಲವು ಉಳಿಯುವುದೇ ಇಲ್ಲ, ಒಂದೆರಡು ಉಳಿಯುತ್ತವೆ. ಆದರೆ ಉಳಿಯುವುದು ನೀವು ಅಂದುಕೊಂಡ ಜಾಗದಲ್ಲಲ್ಲ.

ಮೊದಲು ನೇರ ಉತ್ತರ. ಎಂಡೊಮೆಟ್ರಿಯೋಸಿಸ್ ಎಂದರೆ ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ. ಅದಕ್ಕೂ ಸ್ತನ ಕ್ಯಾನ್ಸರ್‌ಗೂ ನಡುವೆ ಅಂಕಿಅಂಶದಲ್ಲಿ ಒಂದು ಎಳೆಯಷ್ಟು ನಂಟು ಕಾಣುತ್ತದೆ. ನಿಮ್ಮ ಚಿಕಿತ್ಸೆಯ ಒಂದು ತೀರ್ಮಾನವನ್ನಾದರೂ ಬದಲಿಸುವಷ್ಟು ಅದು ದೊಡ್ಡದಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯ ಪ್ರಕಾರ ಎಂಡೊಮೆಟ್ರಿಯೋಸಿಸ್ ಇರುವವರಲ್ಲಿ ಸ್ತನ ಕ್ಯಾನ್ಸರ್‌ನ ಸಾಧ್ಯತೆ ಶೇ. 4ರಷ್ಟು ಹೆಚ್ಚು. ಈ ಶೇ. 4 ಎಂದರೆ ನೂರರಲ್ಲಿ ನಾಲ್ವರಿಗೆ ಕ್ಯಾನ್ಸರ್ ಬರುತ್ತದೆ ಎಂದಲ್ಲ. ಇದ್ದ ಸಾಧ್ಯತೆಯ ಮೇಲೆ ಅದರದೇ ಶೇ. 4 ಸೇರುತ್ತದೆ, ಅಷ್ಟೇ. ಅಮೆರಿಕದಂತೆ ಸ್ತನ ಕ್ಯಾನ್ಸರ್ ಹೆಚ್ಚಿರುವ ಕಡೆ 1000 ಹೆಣ್ಣುಮಕ್ಕಳಲ್ಲಿ ಸುಮಾರು 128 ಮಂದಿಗೆ ಇಡೀ ಜೀವಮಾನದಲ್ಲಿ ಈ ಕಾಯಿಲೆ ಬರುತ್ತದೆ. ಆ ಸಾವಿರ ಮಂದಿಗೂ ಎಂಡೊಮೆಟ್ರಿಯೋಸಿಸ್ ಇದ್ದರೆ ಸಂಖ್ಯೆ 133 ಆಗುತ್ತದೆ. ಇಡೀ ಜಗತ್ತಿನ ಸರಾಸರಿ ತೆಗೆದುಕೊಂಡರೆ ಸುಮಾರು 20 ಮಹಿಳೆಯರಲ್ಲಿ ಒಬ್ಬರಿಗೆ ಸ್ತನ ಕ್ಯಾನ್ಸರ್. ಆ ಲೆಕ್ಕದಲ್ಲಿ ಸಾವಿರಕ್ಕೆ 50 ಇದ್ದದ್ದು 52 ಆಗಬಹುದು. ದಿನವೂ ಒಂದು ಲೋಟ ವೈನ್ ಕುಡಿಯುವ ಅಭ್ಯಾಸ ಇದಕ್ಕಿಂತ ಹೆಚ್ಚು ಅಪಾಯ ತರುತ್ತದೆ.

ಹಾಗಿದ್ದರೆ ಈ ಸುದ್ದಿ ಇಷ್ಟು ಹಬ್ಬಿದ್ದು ಹೇಗೆ? ಸ್ವೀಡನ್ನಿನಲ್ಲಿ ಎಂಡೊಮೆಟ್ರಿಯೋಸಿಸ್‌ಗಾಗಿ ಆಸ್ಪತ್ರೆಗೆ ದಾಖಲಾಗಿದ್ದ ಸುಮಾರು 20 ಸಾವಿರ ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿ 1997ರಲ್ಲಿ ಒಂದು ವರದಿ ಬಂತು. ಅದರಲ್ಲಿ ಸ್ತನ ಕ್ಯಾನ್ಸರ್ ಶೇ. 30ರಷ್ಟು ಹೆಚ್ಚು ಕಂಡಿತ್ತು. ಆದರೆ ಆಸ್ಪತ್ರೆಗೆ ದಾಖಲಾಗುವಷ್ಟು ಕಾಯಿಲೆ ಇದ್ದವರು ಎಲ್ಲ ರೋಗಿಗಳ ಪ್ರತಿನಿಧಿಗಳಲ್ಲ. ಎಂಡೊಮೆಟ್ರಿಯೋಸಿಸ್ ಇರುವವರು ಮಕ್ಕಳಾಗಲು ಕಷ್ಟಪಡುತ್ತಾರೆ, ಮೊದಲ ಹೆರಿಗೆ ತಡವಾಗುತ್ತದೆ, ಕೆಲವರಿಗೆ ಆಗುವುದೇ ಇಲ್ಲ. ಅವರಲ್ಲಿ ಹಲವರು ಬೇಗ ಮೈನೆರೆದವರು. ಹಾರ್ಮೋನ್ ಮಾತ್ರೆ ತೆಗೆದುಕೊಂಡವರು ಹೆಚ್ಚು. ವೈದ್ಯರ ಬಳಿ ಪದೇಪದೇ ಹೋಗುವುದರಿಂದ ಬೇರೆ ಕಾಯಿಲೆಗಳೂ ಬೇಗ ಪತ್ತೆಯಾಗುತ್ತವೆ. ಇವುಗಳಲ್ಲಿ ಒಂದೊಂದೂ ತಾನಾಗಿಯೇ ಸ್ತನ ಕ್ಯಾನ್ಸರ್‌ನ ಲೆಕ್ಕವನ್ನು ಮೇಲಕ್ಕೆ ಎಳೆಯಬಲ್ಲದು. ಇವನ್ನೆಲ್ಲ ಸರಿಯಾಗಿ ಲೆಕ್ಕಕ್ಕೆ ಹಿಡಿದ ಅಧ್ಯಯನವೆಂದರೆ ಅಮೆರಿಕದಲ್ಲಿ 1989ರಲ್ಲಿ ಸುಮಾರು 1.16 ಲಕ್ಷ ನರ್ಸ್‌ಗಳನ್ನು ಸೇರಿಸಿಕೊಂಡು ಆರಂಭವಾದದ್ದು. ಲ್ಯಾಪ್ರೊಸ್ಕೋಪಿಯಲ್ಲಿ ಖಚಿತವಾದ ಎಂಡೊಮೆಟ್ರಿಯೋಸಿಸ್ ಇದ್ದವರಿಗೂ ಇಲ್ಲದವರಿಗೂ ನಡುವೆ ಒಟ್ಟಾರೆ ಸ್ತನ ಕ್ಯಾನ್ಸರ್‌ನಲ್ಲಿ ಅಲ್ಲಿ ವ್ಯತ್ಯಾಸ ಕಾಣಲಿಲ್ಲ. ನನಗೆ ಹೆಚ್ಚು ಭರವಸೆ ಇರುವುದು ಅದರ ಮೇಲೆ.

ಇನ್ನು ‘ಮೈಯಲ್ಲಿ ಈಸ್ಟ್ರೋಜನ್ ಜಾಸ್ತಿ’ ಎಂಬ ಮಾತು. ಕೇಳಲು ತರ್ಕಬದ್ಧವಾಗಿದೆ. ಎಂಡೊಮೆಟ್ರಿಯೋಸಿಸ್ ಬೆಳೆಯುವುದು ಈಸ್ಟ್ರೋಜನ್ ಉಂಡು, ಬಹುಪಾಲು ಸ್ತನ ಕ್ಯಾನ್ಸರ್ ಬೆಳೆಯುವುದೂ ಅದನ್ನೇ ಉಂಡು. ಆದ್ದರಿಂದ ಒಂದಿದ್ದರೆ ಇನ್ನೊಂದು ಬರಬೇಕು ಎನ್ನುವ ತರ್ಕ. ತಪ್ಪು ನಡುವಿನ ಮೆಟ್ಟಿಲಿನಲ್ಲಿದೆ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಹೊಟ್ಟೆಯೊಳಗೆ, ಅಂಡಾಶಯದ ಮೇಲೆ, ಕರುಳಿನ ಬಳಿ ಬೀಡುಬಿಟ್ಟಾಗ ಅದು ಅರೋಮಟೇಸ್ ಎಂಬ ಕಿಣ್ವ ಇಟ್ಟುಕೊಂಡು ತನಗೆ ಬೇಕಾದ ಈಸ್ಟ್ರೋಜನ್ನನ್ನು ಅಲ್ಲೇ ತಯಾರಿಸಿಕೊಳ್ಳುತ್ತದೆ. ಅದನ್ನು ತಣಿಸಬೇಕಾದ ಪ್ರೊಜೆಸ್ಟರಾನ್‌ನ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಹೀಗೆ ಆ ಜಾಗದಲ್ಲಿ ಹಾರ್ಮೋನ್ ಹೆಚ್ಚಿ, ಉರಿಯೂತವಾಗಿ, ನೋವಾಗುತ್ತದೆ. ರಕ್ತದಲ್ಲಿ ಅಳೆದರೆ ಈಸ್ಟ್ರೋಜನ್ ಸಾಮಾನ್ಯವಾಗಿ ಉಳಿದವರಷ್ಟೇ ಇರುತ್ತದೆ. ಒಂದು ಮನೆಯ ಅಡುಗೆಮನೆಯಲ್ಲಿ ಒಲೆ ಧಗಧಗಿಸಿದರೆ ಪಕ್ಕದ ಬೀದಿಯ ಮನೆಯವರಿಗೆ ಸೆಕೆಯಾಗುವುದಿಲ್ಲ. ಸ್ತನಕ್ಕೂ ಈ ಒಲೆಗೂ ಇರುವ ದೂರ ಅಂಥದ್ದು. ಆದ್ದರಿಂದ ‘ಈಸ್ಟ್ರೋಜನ್ ಇಳಿಸುವ’ ಪಥ್ಯ, ಪುಡಿ, ‘ಡಿಟಾಕ್ಸ್’ ಎಂದು ಮಾರುವುದಕ್ಕೆಲ್ಲ ಹಣ ಸುರಿಯಬೇಡಿ.

ಆದರೆ ಆ ಒಲೆಯ ಪಕ್ಕದಲ್ಲೇ ಇರುವುದು ಅಂಡಾಶಯ. ಎಂಡೊಮೆಟ್ರಿಯೋಸಿಸ್ ಮತ್ತು ಕ್ಯಾನ್ಸರ್ ಎಂದರೆ ಮಾತಾಡಬೇಕಾದ ಅಂಗ ಅದು. ಅಮೆರಿಕದ ಸ್ತ್ರೀರೋಗ ತಜ್ಞ ಜಾನ್ ಸ್ಯಾಂಪ್ಸನ್ 1925ರಲ್ಲೇ ಎಂಡೊಮೆಟ್ರಿಯೋಸಿಸ್‌ನೊಳಗಿಂದ ಹುಟ್ಟಿದ ಅಂಡಾಶಯ ಕ್ಯಾನ್ಸರನ್ನು ವಿವರಿಸಿದ್ದರು. ಚಾಕೊಲೇಟ್ ಸಿಸ್ಟ್‌ನಲ್ಲಿ ತುಂಬಿರುವುದು ಹಳೆಯ ರಕ್ತ. ಅದರಲ್ಲಿ ಕಬ್ಬಿಣಾಂಶ ಹೆಚ್ಚು. ವರ್ಷಗಟ್ಟಲೆ ಅದರ ಸಂಪರ್ಕದಲ್ಲಿರುವ ಜೀವಕೋಶಗಳ ವಂಶವಾಹಿಗೆ ಪೆಟ್ಟು ಬೀಳುತ್ತಾ ಹೋಗುತ್ತದೆ. ಮೊದಲೇ ಹೇಳಿದ 2021ರ ವಿಶ್ಲೇಷಣೆಯಲ್ಲಿ ಅಂಡಾಶಯ ಕ್ಯಾನ್ಸರ್‌ನ ಸಾಧ್ಯತೆ ಹೆಚ್ಚುಕಡಿಮೆ ಎರಡು ಪಟ್ಟು, ಅಂದರೆ ಜೀವಮಾನದಲ್ಲಿ 1000 ಮಂದಿಗೆ 13 ಇದ್ದದ್ದು 25. ಕ್ಲಿಯರ್ ಸೆಲ್ ಮತ್ತು ಎಂಡೊಮೆಟ್ರಿಯಾಯ್ಡ್ ಎಂಬ ಎರಡು ಬಗೆಗಳಲ್ಲಿ ಈ ನಂಟು ಸ್ಪಷ್ಟ. ಅಮೆರಿಕದ ಯೂಟಾ ರಾಜ್ಯದ ದಾಖಲೆಗಳನ್ನು ಆಧರಿಸಿ 2024ರಲ್ಲಿ ಬಂದ ಅಧ್ಯಯನದಲ್ಲಿ ಇದು ನಾಲ್ಕು ಪಟ್ಟು. ಅಂಡಾಶಯದ ಸಿಸ್ಟ್ ಅಥವಾ ಆಳಕ್ಕಿಳಿದ ಎಂಡೊಮೆಟ್ರಿಯೋಸಿಸ್ ಇದ್ದವರಲ್ಲಿ ಒಂಬತ್ತು ಪಟ್ಟಿಗೂ ಮೇಲು. ಪಟ್ಟುಗಳ ಲೆಕ್ಕ ಕೇಳಿ ಬೆಚ್ಚಬೇಡಿ, ತಲೆಗಳ ಲೆಕ್ಕ ಕೇಳಿ: ಅದೇ ಅಧ್ಯಯನದಲ್ಲಿ ಎಂಡೊಮೆಟ್ರಿಯೋಸಿಸ್ ಇರುವ 10,000 ಮಂದಿಗೆ ಹೆಚ್ಚುವರಿಯಾಗಿ ಕಂಡ ಅಂಡಾಶಯ ಕ್ಯಾನ್ಸರ್ ಸುಮಾರು 10. ಕಾಯಿಲೆ ಅಷ್ಟು ಅಪರೂಪದ್ದಾದ್ದರಿಂದ ಒಂಬತ್ತು ಪಟ್ಟಾದರೂ ಸಂಖ್ಯೆ ಸಣ್ಣದೇ.

ಸ್ತನ ಕ್ಯಾನ್ಸರ್ ಬರುವ ಸಾಧ್ಯತೆಯನ್ನು ಎಣಿಸಲು ವೈದ್ಯರು ಬಳಸುವ ಗೇಲ್, ಟೈರರ್-ಕ್ಯೂಜಿಕ್ ಎಂಬ ಲೆಕ್ಕಪದ್ಧತಿಗಳಿವೆ. ವಯಸ್ಸು, ಮೈನೆರೆದ ವಯಸ್ಸು, ಹೆರಿಗೆ, ಕುಟುಂಬದ ಇತಿಹಾಸ ಎಲ್ಲ ಕೇಳುತ್ತವೆ. ಎಂಡೊಮೆಟ್ರಿಯೋಸಿಸ್ ಇದೆಯೇ ಎಂದು ಕೇಳುವುದಿಲ್ಲ. ಅಂಡಾಶಯ ಕ್ಯಾನ್ಸರ್‌ಗೆ ಬ್ರಿಟನ್ನಿನಲ್ಲಿ ರೂಪಿಸಿದ ಲೆಕ್ಕಪದ್ಧತಿ ಮಾತ್ರ ಅದನ್ನು ಕೇಳುತ್ತದೆ.

ಸಿಎ-125ರ ಬಗ್ಗೆಯೂ ಇಲ್ಲೇ ಹೇಳುತ್ತೇನೆ. ಅಂಡಾಶಯ ಕ್ಯಾನ್ಸರ್‌ನ ಅನುಮಾನವಿದ್ದಾಗ ನೋಡುವ ರಕ್ತಪರೀಕ್ಷೆ ಇದು, ಸ್ತನದ ತಪಾಸಣೆಗೆ ಮಾಡುವಂಥದ್ದಲ್ಲ. ಸಾಮಾನ್ಯ ಮಿತಿ 35 ಎಂದು ಅಚ್ಚಾಗಿರುವುದು ನೋಡಿ 62 ದೊಡ್ಡದಾಗಿ ಕಂಡಿದೆ. ಎಂಡೊಮೆಟ್ರಿಯೋಸಿಸ್ ಇರುವವರಲ್ಲಿ ಇದು ಏರುವುದು ಮಾಮೂಲು. ಫೈಬ್ರಾಯ್ಡ್ ಇದ್ದರೂ, ಗರ್ಭಿಣಿಯಾದರೂ, ಮುಟ್ಟಿನ ದಿನಗಳಲ್ಲಿ ರಕ್ತ ಕೊಟ್ಟರೂ ಏರುತ್ತದೆ. ನನಗೆ ನಿಮ್ಮ 62ಕ್ಕಿಂತ ಸ್ಕ್ಯಾನ್ ವರದಿಯ ವಿವರಣೆ ಮುಖ್ಯ. ಸಿಸ್ಟ್‌ನೊಳಗೆ ಗಟ್ಟಿ ಭಾಗವಿದೆಯೇ, ಆ ಗಟ್ಟಿ ಭಾಗದಲ್ಲಿ ರಕ್ತಸಂಚಾರ ಕಾಣುತ್ತದೆಯೇ, ಹಿಂದಿನ ಸ್ಕ್ಯಾನ್‌ಗಿಂತ ವೇಗವಾಗಿ ಬೆಳೆದಿದೆಯೇ? ಈ ಮೂರಕ್ಕೂ ‘ಇಲ್ಲ’ ಎಂದಿದ್ದರೆ 36ನೇ ವಯಸ್ಸಿನಲ್ಲಿ 3 ಸೆಂ.ಮೀ. ಸಿಸ್ಟನ್ನು ನಾನು ಕೆಲವು ತಿಂಗಳ ನಂತರ ಮತ್ತೊಮ್ಮೆ ಸ್ಕ್ಯಾನ್ ಮಾಡಿ ನೋಡುತ್ತೇನೆಯೇ ಹೊರತು ಚಾಕು ಹಿಡಿಯುವುದಿಲ್ಲ. ಒಂದಕ್ಕಾದರೂ ‘ಹೌದು’ ಇದ್ದರೆ ಎಂಆರ್‌ಐ ಮಾಡಿಸಿ, ಸ್ತ್ರೀರೋಗ ಕ್ಯಾನ್ಸರ್ ತಜ್ಞರ ಅಭಿಪ್ರಾಯ ಪಡೆಯಬೇಕು. ಮುಟ್ಟು ನಿಂತ ಮೇಲೆ ಹಳೆಯ ಸಿಸ್ಟ್ ಬೆಳೆಯತೊಡಗಿದರೂ ಹಾಗೆಯೇ.

ಈಗ ಮಾತ್ರೆಗೆ ಬರೋಣ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ನೀವದನ್ನು ಯಾರನ್ನೂ ಕೇಳದೆ ಬಿಟ್ಟದ್ದು. ಹಾರ್ಮೋನ್ ಮಾತ್ರೆಗೂ ಸ್ತನ ಕ್ಯಾನ್ಸರ್‌ಗೂ ನಂಟು ಕಟ್ಟುಕತೆ ಎಂದು ನಾನು ಹೇಳುವುದಿಲ್ಲ, ಅದಿದೆ. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್‌ನಂತೆ ಕೆಲಸ ಮಾಡುವ ಕೃತಕ ಹಾರ್ಮೋನ್) ಎರಡೂ ಇರುವ ಗರ್ಭನಿರೋಧಕ ಮಾತ್ರೆಯ ಬಗ್ಗೆ 1996ರಲ್ಲೇ ದೊಡ್ಡ ವಿಶ್ಲೇಷಣೆ ಬಂದಿತ್ತು: ತೆಗೆದುಕೊಳ್ಳುತ್ತಿರುವಾಗ ಅಪಾಯ ಸುಮಾರು ಶೇ. 24 ಹೆಚ್ಚು, ನಿಲ್ಲಿಸಿ 10 ವರ್ಷವಾಗುವ ಹೊತ್ತಿಗೆ ಆ ವ್ಯತ್ಯಾಸ ಅಳಿಸಿಹೋಗುತ್ತದೆ. ಪ್ರೊಜೆಸ್ಟಿನ್ ಮಾತ್ರ ಇರುವವು ಸುರಕ್ಷಿತ ಎಂದು ಬಹಳ ಕಾಲ ನಂಬಿದ್ದೆವು. 2023ರಲ್ಲಿ ಆಕ್ಸ್‌ಫರ್ಡ್ ಸಂಶೋಧಕರು ಬ್ರಿಟನ್ನಿನ ದಾಖಲೆಗಳನ್ನು ಜಾಲಾಡಿ, ಅವುಗಳಲ್ಲೂ ಅಪಾಯ ಶೇ. 20ರಿಂದ 30ರಷ್ಟು ಹೆಚ್ಚುತ್ತದೆ ಎಂದು ತೋರಿಸಿದರು. ಡೈನೋಜೆಸ್ಟ್ ಕೂಡ ಪ್ರೊಜೆಸ್ಟಿನ್ ಕುಟುಂಬದ್ದೇ. ಹಾಗಾಗಿ ರೋಗಿಗಳೊಡನೆ ಮಾತಾಡುವಾಗ ನಾನು ಅದೇ ಅಳತೆಗೋಲು ಹಿಡಿಯುತ್ತೇನೆ.

ಅದೇ ಅಧ್ಯಯನದ ಮುಂದಿನ ಸಾಲನ್ನೂ ಓದಬೇಕು. 16ರಿಂದ 20ರ ವಯಸ್ಸಿನಲ್ಲಿ ಐದು ವರ್ಷ ಮಾತ್ರೆ ತೆಗೆದುಕೊಂಡರೆ, ಮಾತ್ರೆ ಶುರುಮಾಡಿದಾಗಿನಿಂದ 15 ವರ್ಷಗಳಲ್ಲಿ ಒಂದು ಲಕ್ಷ ಮಂದಿಗೆ ಹೆಚ್ಚುವರಿಯಾಗಿ 8 ಸ್ತನ ಕ್ಯಾನ್ಸರ್. 35ರಿಂದ 39ರ ವಯಸ್ಸಿನಲ್ಲಿ ತೆಗೆದುಕೊಂಡರೆ 265. ನೀವು ಈ ಎರಡನೇ ಗುಂಪಿನವರು. ಸಾವಿರಕ್ಕೆ ಇಬ್ಬರು-ಮೂವರು. ಇದು ಸೊನ್ನೆಯಲ್ಲ, ಹಾಗೆಂದು ಮಾತ್ರೆಯನ್ನು ಚರಂಡಿಗೆ ಎಸೆಯುವಂಥದ್ದೂ ಅಲ್ಲ. ತಕ್ಕಡಿಯ ಇನ್ನೊಂದು ಬದಿಯಲ್ಲಿ ಏನಿದೆ ನೋಡಿ. ನೋವಿಲ್ಲದ ದಿನಗಳು, ಸಿಸ್ಟ್ ಬೆಳೆಯದಂತೆ ತಡೆ, ಮತ್ತೊಂದು ಶಸ್ತ್ರಚಿಕಿತ್ಸೆ ತಪ್ಪುವ ಸಾಧ್ಯತೆ. ಈಸ್ಟ್ರೋಜನ್ ಇರುವ ಸಂಯುಕ್ತ ಮಾತ್ರೆಗಾದರೆ ಇನ್ನೊಂದು ದೊಡ್ಡ ಲಾಭವಿದೆ: ಅದು ಅಂಡಾಶಯ ಕ್ಯಾನ್ಸರ್‌ನ ಅಪಾಯವನ್ನು ಪ್ರತಿ ಐದು ವರ್ಷದ ಬಳಕೆಗೆ ಸುಮಾರು ಶೇ. 20ರಷ್ಟು ಇಳಿಸುತ್ತದೆ, 15 ವರ್ಷವಾದರೆ ಹೆಚ್ಚುಕಡಿಮೆ ಅರ್ಧಕ್ಕೆ ತರುತ್ತದೆ, ನಿಲ್ಲಿಸಿದ ಮೇಲೂ ಆ ರಕ್ಷಣೆ ದಶಕಗಟ್ಟಲೆ ಉಳಿಯುತ್ತದೆ. ಎಂಡೊಮೆಟ್ರಿಯೋಸಿಸ್ ಇರುವವರಿಗೆ ನಿಜವಾದ ಅಪಾಯ ಇರುವ ಜಾಗವೇ ಅದು ಎಂಬುದು ನೆನಪಿರಲಿ. ಮಾತ್ರೆಯ ಮೇಲೆ ದೂರು ಇದ್ದರೆ ಇರಬೇಕಾದದ್ದು ಬೇರೆ ಕಾರಣಕ್ಕೆ: ಡೈನೋಜೆಸ್ಟ್ ಕೆಲವರಿಗೆ ಮನಸ್ಸನ್ನು ಮಂಕು ಮಾಡುತ್ತದೆ, ಅಕಾಲದಲ್ಲಿ ಸ್ವಲ್ಪಸ್ವಲ್ಪ ರಕ್ತ ಹೋಗುತ್ತಿರುತ್ತದೆ, ವರ್ಷಗಟ್ಟಲೆ ತೆಗೆದುಕೊಂಡರೆ ಮೂಳೆಯ ಸಾಂದ್ರತೆ ತುಸು ಇಳಿಯಬಹುದು.

ಸ್ತನದ ನೋವನ್ನೂ ಆ ಪಟ್ಟಿಗೆ ಸೇರಿಸಿ. ಡೈನೋಜೆಸ್ಟ್‌ನ ಗೊತ್ತಿರುವ ಅಡ್ಡಪರಿಣಾಮಗಳಲ್ಲಿ ಎದೆ ಭಾರವಾಗುವುದೂ ಒಂದು. ಎರಡೂ ಕಡೆ, ಎದೆಯಿಡೀ ಹರಡಿಕೊಂಡು, ಮುಟ್ಟಿನ ಹತ್ತಿರ ಹೆಚ್ಚುವ ನೋವಿಗೆ ಕಾರಣ ಹಾರ್ಮೋನ್‌ಗಳ ಏರಿಳಿತ. ಅಂಥ ನೋವೊಂದನ್ನೇ ಹೊತ್ತು ಬಂದವರಲ್ಲಿ ಕ್ಯಾನ್ಸರ್ ಸಿಗುವುದು ಬಲು ಅಪರೂಪ. ತಮಾಷೆಯೆಂದರೆ ಡ್ಯಾನಜಾಲ್ ಎಂಬ ಹಳೆಯ ಔಷಧವೊಂದಿದೆ. 1970ರ ದಶಕದಿಂದ ಅದನ್ನು ಎಂಡೊಮೆಟ್ರಿಯೋಸಿಸ್‌ಗೂ ಕೊಡುತ್ತಿದ್ದರು, ಸ್ತನದ ನೋವಿಗೂ ಕೊಡುತ್ತಿದ್ದರು. ಮುಖದ ಮೇಲೆ ಕೂದಲು, ಮೊಡವೆ, ದನಿ ಗಡುಸಾಗುವುದು ಇಂಥ ಅಡ್ಡಪರಿಣಾಮಗಳಿಂದಾಗಿ ಈಗ ಮೂಲೆ ಸೇರಿದೆ. ನಿಮಗೆ ಅದು ಬೇಡ. ಸರಿಯಾದ ಅಳತೆಯ, ಆಧಾರ ಕೊಡುವ ಒಳಉಡುಪು, ಬೇಕಾದರೆ ಹಚ್ಚಿಕೊಳ್ಳುವ ನೋವಿನ ಜೆಲ್ ಸಾಕು.

ಯಾವುದನ್ನು ಕಂಡರೆ ಕಾಯಬಾರದು? ನೋವಿಲ್ಲದ ಗಟ್ಟಿ ಗಂಟು, ಕಂಕುಳಲ್ಲಿ ಗಂಟು, ಹೊಸದಾಗಿ ಒಳಗೆ ಎಳೆದುಕೊಂಡ ಮೊಲೆತೊಟ್ಟು, ಒಂದೇ ಕಡೆಯಿಂದ ತಾನಾಗಿ ಬರುವ ರಕ್ತಮಿಶ್ರಿತ ಸ್ರಾವ, ಕಿತ್ತಳೆ ಸಿಪ್ಪೆಯಂತೆ ಗುಳಿಬಿದ್ದ ಚರ್ಮ, ಒಂದೇ ಬೆರಳಿಡುವಷ್ಟು ಜಾಗದಲ್ಲಿ ಬಿಡದೆ ಕಾಡುವ ನೋವು. ಇವು ಇದ್ದರೆ ವಯಸ್ಸು ಎಷ್ಟಾದರೂ ಸರಿ, ಮುಂದಿನ ಮುಟ್ಟು ಬಂದು ಹೋಗಲಿ ಎಂದು ಕೂರದೆ ತೋರಿಸಿ. ವೈದ್ಯರು ಕೈಯಿಂದ ಪರೀಕ್ಷಿಸಿ, ಸ್ಕ್ಯಾನ್ ಮಾಡಿಸಿ, ಅಗತ್ಯವಿದ್ದರೆ ಸೂಜಿಯಿಂದ ಬಯಾಪ್ಸಿ ತೆಗೆಯುತ್ತಾರೆ. ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯಕ್ಕೆ ಬೆಲೆ ಕೊಡಬೇಡಿ. ಆ ಭಯದಿಂದ ತಡಮಾಡಿದವರನ್ನು ನಾವು ನೋಡುತ್ತಲೇ ಇರುತ್ತೇವೆ.

ಮ್ಯಾಮೋಗ್ರಾಂ ಈಗಲೇ ಬೇಕೇ ಎಂದರೆ, ಇಂಥ ಲಕ್ಷಣ ಇಲ್ಲದಿದ್ದರೆ ಬೇಡ. ಈ ವಯಸ್ಸಿನಲ್ಲಿ ಸ್ತನದ ಅಂಗಾಂಶ ದಟ್ಟ. ಚಿತ್ರ ಬೆಳ್ಳಗೆ ಮಬ್ಬಾಗಿ ಬರುತ್ತದೆ, ಇಲ್ಲದ್ದು ಕಂಡಂತಾಗಿ ಅನಗತ್ಯ ಬಯಾಪ್ಸಿಯವರೆಗೆ ಎಳೆಯುತ್ತದೆ, ಇದ್ದದ್ದು ಮರೆಯಾಗುವುದೂ ಉಂಟು. ಅನುಮಾನವಿದ್ದ ಜಾಗಕ್ಕೆ ಅಲ್ಟ್ರಾಸೌಂಡ್ ಒಳ್ಳೆಯದು. ಸಾಮಾನ್ಯ ತಪಾಸಣೆಯ ಮ್ಯಾಮೋಗ್ರಾಂ ಎಲ್ಲಿಂದ ಶುರು ಎಂಬುದರಲ್ಲಿ ದೇಶದಿಂದ ದೇಶಕ್ಕೆ ಭಿನ್ನಾಭಿಪ್ರಾಯವಿದೆ. ಅಮೆರಿಕದ ತಜ್ಞರ ಸಮಿತಿ 2024ರಲ್ಲಿ 40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಎಂದಿತು, ಹಲವು ದೇಶಗಳಲ್ಲಿ 50ರಿಂದ. ನಿಮಗೆ 40 ತುಂಬಿದಾಗ ಈ ಮಾತು ಎತ್ತಿ. ಎಂಡೊಮೆಟ್ರಿಯೋಸಿಸ್ ಇದೆ ಎಂಬ ಒಂದೇ ಕಾರಣಕ್ಕೆ ಬೇಗನೆ, ಪದೇಪದೇ ತಪಾಸಣೆ ಬೇಕಿಲ್ಲ ಎಂದೇ ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಸ್ಥೆ ಎಷ್ರೆಯ 2022ರ ಮಾರ್ಗಸೂಚಿ ಹೇಳುತ್ತದೆ.

ಚಿಕ್ಕಮ್ಮನ ವಿಷಯ ಬೇರೆ, ಅದನ್ನು ಎಂಡೊಮೆಟ್ರಿಯೋಸಿಸ್ ಜತೆ ಬೆರೆಸಬೇಡಿ. ತಾಯಿ, ಅಕ್ಕತಂಗಿ ಅಥವಾ ಮಗಳಿಗೆ ಸ್ತನ ಕ್ಯಾನ್ಸರ್ ಆಗಿದ್ದರೆ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಚಿಕ್ಕಮ್ಮ ಒಬ್ಬರಿಗೇ, ಅದೂ 58ರಲ್ಲಿ ಬಂದಿದ್ದರೆ ತೂಕ ಅದಕ್ಕಿಂತ ಕಡಿಮೆ. ಆದರೂ ಮನೆಯ ಹಿರಿಯರನ್ನು ಕೂರಿಸಿಕೊಂಡು ಕೆಲವು ಪ್ರಶ್ನೆ ಕೇಳಿ. ಕುಟುಂಬದಲ್ಲಿ 50ರ ಒಳಗೆ ಯಾರಿಗಾದರೂ ಸ್ತನ ಕ್ಯಾನ್ಸರ್ ಆಗಿತ್ತೇ? ಎರಡೂ ಎದೆಗೆ ಬಂದವರಿದ್ದಾರೆಯೇ? ಗಂಡಸರಿಗೆ? ಅಂಡಾಶಯ ಕ್ಯಾನ್ಸರ್? ‘ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡರು’ ಎಂದು ಹೇಳುವ ಹಳೆಯ ಸಾವುಗಳ ಹಿಂದೆ ಹಲವು ಸಲ ಅಂಡಾಶಯ ಕ್ಯಾನ್ಸರ್ ಇರುತ್ತದೆ. ತಂದೆಯ ಕಡೆಯನ್ನು ಮರೆಯಬೇಡಿ, ಸ್ತನ ಮತ್ತು ಅಂಡಾಶಯ ಕ್ಯಾನ್ಸರ್‌ಗೆ ದಾರಿಮಾಡುವ ಬಿಆರ್‌ಸಿಎ ವಂಶವಾಹಿಯ ದೋಷ ಅಪ್ಪನಿಂದಲೂ ಅಷ್ಟೇ ಸಲೀಸಾಗಿ ಇಳಿದು ಬರುತ್ತದೆ. ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಿ. ಸಾಧ್ಯವಾದರೆ ಪರೀಕ್ಷೆ ಮೊದಲು ಚಿಕ್ಕಮ್ಮನಿಗೇ ಆಗಲಿ. ಬಿಆರ್‌ಸಿಎ ದೋಷವಿದ್ದರೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 70ರ ಆಸುಪಾಸು. ಆಗ ನಾನು ಇಲ್ಲಿ ಹೇಳಿರುವ ಲೆಕ್ಕಗಳೆಲ್ಲ ಬದಲಾಗುತ್ತವೆ.

ಆ ದೋಷ ಇಲ್ಲದಿರುವಾಗ 36ರಲ್ಲಿ ಎರಡೂ ಅಂಡಾಶಯ ತೆಗೆಸುವುದಕ್ಕೆ ನನ್ನ ಉತ್ತರ ಸ್ಪಷ್ಟ: ಬೇಡ. ನಿಮಗೆ ಮಗು ಬೇಕು ಎಂಬುದನ್ನು ಪಕ್ಕಕ್ಕಿಟ್ಟರೂ ಬೇಡ. ಅಂಡಾಶಯ ತೆಗೆದರೆ ಸ್ತನ ಕ್ಯಾನ್ಸರ್ ಅಪಾಯ ಇಳಿಯುವುದು ನಿಜ, ಅಂಡಾಶಯ ಕ್ಯಾನ್ಸರ್ ಬಹುಪಾಲು ತಪ್ಪುವುದೂ ನಿಜ. ಅದಕ್ಕೆ ತೆರಬೇಕಾದ ಬೆಲೆ? ಒಂದೇ ದಿನದಲ್ಲಿ ಮುಟ್ಟು ನಿಲ್ಲುವ ವಯಸ್ಸಿಗೆ ನೂಕಿದಂತೆ. ಮೈ ಬಿಸಿಯೇರುವುದು, ನಿದ್ದೆಗೇಡು, ಲೈಂಗಿಕ ತೊಂದರೆ ಇವು ಕೂಡಲೇ ಕಾಣುವಂಥವು. ಮೂಳೆ ಸವೆತ ಮತ್ತು ಹೃದಯದ ಕಾಯಿಲೆ ಸದ್ದಿಲ್ಲದೆ ಬೆಳೆಯುವಂಥವು. 45ರ ಮೊದಲು ಅಂಡಾಶಯ ಕಳೆದುಕೊಂಡವರಲ್ಲಿ ಇವೆರಡೂ ಹೆಚ್ಚು. ಹಾಗಾಗಿ ಅಂಥವರಿಗೆ ಸುಮಾರು 50ರವರೆಗೆ ಹಾರ್ಮೋನ್ ಮರುಪೂರಣ ಕೊಡಲೇಬೇಕಾಗುತ್ತದೆ. ಗರ್ಭಕೋಶ ಇಲ್ಲದವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು, ಸ್ತನಕ್ಕೆ ಅದು ಎರಡನ್ನೂ ಸೇರಿಸಿ ಕೊಡುವುದಕ್ಕಿಂತ ಸೌಮ್ಯ. ಎಂಡೊಮೆಟ್ರಿಯೋಸಿಸ್ ಇದ್ದವರಲ್ಲಿ ಮಾತ್ರ, ಒಳಗೆ ಉಳಿದುಹೋದ ಅಂಗಾಂಶ ಈಸ್ಟ್ರೋಜನ್‌ನಿಂದ ಮತ್ತೆ ಚಿಗುರಬಾರದೆಂದು ಪ್ರೊಜೆಸ್ಟಿನ್ನನ್ನೂ ಸೇರಿಸುವುದು ರೂಢಿ. ಅಂದರೆ ಸ್ತನ ಕ್ಯಾನ್ಸರ್‌ಗೆ ಹೆದರಿ ಅಂಡಾಶಯ ತೆಗೆಸಿದವರು ಕೊನೆಗೆ ಅದೇ ಹಾರ್ಮೋನ್‌ಗಳನ್ನು ಮಾತ್ರೆಯಾಗಿ ನುಂಗುತ್ತಿರುತ್ತಾರೆ. ಅಷ್ಟಾದರೂ ನೋವು ಹೋಗಿಯೇ ಹೋಗುತ್ತದೆ ಎಂಬ ಖಾತರಿಯಿಲ್ಲ. ಕರುಳಿನ ಮೇಲೆ, ನರದ ಬಳಿ ಅಂಟಿದ್ದನ್ನು ಬಿಡಿಸದೆ ಗರ್ಭಕೋಶ ಮಾತ್ರ ತೆಗೆದರೆ ನೋವು ಅಲ್ಲೇ ಉಳಿಯುತ್ತದೆ. ಬೇರೆ ಯಾವ ಚಿಕಿತ್ಸೆಗೂ ಬಗ್ಗದ ನೋವಿಗೆ, ಮಕ್ಕಳ ಯೋಚನೆ ಮುಗಿದ ಮೇಲೆ, 40 ದಾಟಿದವರೊಡನೆ ನಾನು ಈ ಶಸ್ತ್ರಚಿಕಿತ್ಸೆಯ ಮಾತಾಡುತ್ತೇನೆ. ಕ್ಯಾನ್ಸರ್ ಭಯಕ್ಕೆ ಮದ್ದಾಗಿ ಅಲ್ಲ.

ಸಿಸ್ಟ್ ಮಾತ್ರ ಮತ್ತೊಮ್ಮೆ ತೆಗೆಸುವುದು ಸಣ್ಣ ವಿಷಯದಂತೆ ಕಾಣುತ್ತದೆ. ಪ್ರತಿ ಸಲ ಸಿಸ್ಟ್ ಸುಲಿಯುವಾಗ ಅದರ ಗೋಡೆಯ ಜತೆ ಒಳ್ಳೆಯ ಅಂಡಗಳೂ ಸ್ವಲ್ಪ ಹೋಗುತ್ತವೆ. ಒಮ್ಮೆ ಆ ನಷ್ಟ ಆಗಿದೆ. ಮಗುವಿನ ಆಸೆ ಇರುವ ನಿಮಗೆ ಎರಡನೇ ಶಸ್ತ್ರಚಿಕಿತ್ಸೆಗೂ ಮೊದಲು ಅಂಡಗಳು ಎಷ್ಟು ಉಳಿದಿವೆ ಎಂದು ಅಂದಾಜಿಸುವ ಎಎಮ್‌ಎಚ್ ರಕ್ತಪರೀಕ್ಷೆ ಮಾಡಿಸಿ, ಬಂಜೆತನ ಚಿಕಿತ್ಸೆಯ ತಜ್ಞರನ್ನು ಕಾಣುವುದು ಮೇಲು.

ಮಗುವಿನ ವಿಷಯದಲ್ಲಿ ನೀವು ಕೇಳದೇ ಇದ್ದರೂ ಮನಸ್ಸಿನಲ್ಲಿ ಇರಬಹುದಾದ ಪ್ರಶ್ನೆ: ಐವಿಎಫ್‌ನ ಹಾರ್ಮೋನ್ ಚುಚ್ಚುಮದ್ದು ಸ್ತನ ಕ್ಯಾನ್ಸರ್ ತರುತ್ತದೆಯೇ? ನೆದರ್ಲೆಂಡ್ಸ್‌ನಲ್ಲಿ ಬಂಜೆತನದ ಚಿಕಿತ್ಸೆ ಪಡೆದ 25 ಸಾವಿರ ಮಹಿಳೆಯರನ್ನು ಸುಮಾರು 21 ವರ್ಷ ಗಮನಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಐವಿಎಫ್‌ನಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಹೆರಿಗೆ ಮತ್ತು ಎದೆಹಾಲೂಡಿಸುವಿಕೆ ದೀರ್ಘಕಾಲದಲ್ಲಿ ಸ್ತನವನ್ನು ಕಾಯುತ್ತವೆ. ಒಟ್ಟು 12 ತಿಂಗಳ ಹಾಲೂಡಿಕೆಗೆ ಅಪಾಯ ಶೇ. 4ಕ್ಕೂ ತುಸು ಹೆಚ್ಚು ಇಳಿಯುತ್ತದೆ. ಎಂಡೊಮೆಟ್ರಿಯೋಸಿಸ್ ಹೊರಿಸುತ್ತದೆ ಎನ್ನಲಾದ ಹೊರೆಗೆ ಅದು ಹೆಚ್ಚುಕಡಿಮೆ ಸಮ.

ಇದನ್ನು ಓದುತ್ತಿರುವವರಲ್ಲಿ ಈಗಾಗಲೇ ಸ್ತನ ಕ್ಯಾನ್ಸರ್ ಆಗಿದ್ದು ಎಂಡೊಮೆಟ್ರಿಯೋಸಿಸ್ ಕೂಡ ಇರುವವರಿದ್ದರೆ, ಮೇಲಿನ ಹಾರ್ಮೋನ್ ಸಲಹೆ ನಿಮಗಲ್ಲ. ನಿಮಗೆ ಗರ್ಭನಿರೋಧಕ ಮಾತ್ರೆ, ಪ್ರೊಜೆಸ್ಟಿನ್, ಹಾರ್ಮೋನ್ ಮರುಪೂರಣ ಸಾಮಾನ್ಯವಾಗಿ ವರ್ಜ್ಯ. ಎಂಡೊಮೆಟ್ರಿಯೋಸಿಸ್ ಇದ್ದವರಿಗೆ ಮುಟ್ಟು ನಿಂತ ಮೇಲೆ ಕೊಡುವ ಟಿಬೊಲೋನ್ ಕೂಡ ಬೇಡ. ಸ್ತನ ಕ್ಯಾನ್ಸರ್ ಆದವರಲ್ಲಿ ಅದು ಕಾಯಿಲೆ ಮರುಕಳಿಸುವುದನ್ನು ಹೆಚ್ಚಿಸಿತೆಂದು 2009ರಲ್ಲೇ ಗೊತ್ತಾಗಿದೆ. ಟ್ಯಾಮಾಕ್ಸಿಫೆನ್ ಸ್ತನದಲ್ಲಿ ಈಸ್ಟ್ರೋಜನ್ನನ್ನು ತಡೆದರೂ ಗರ್ಭಕೋಶದ ಒಳಪದರವನ್ನು ಕೆರಳಿಸಬಲ್ಲದು. ಅದನ್ನು ಶುರುಮಾಡಿದ ಮೇಲೆ ಕಿಬ್ಬೊಟ್ಟೆ ನೋವು ಮರಳಿದರೆ ಕ್ಯಾನ್ಸರ್ ವೈದ್ಯರಿಗೆ ಹೇಳಿ. ಲೆಟ್ರೊಜೋಲ್‌ನಂಥ ಅರೋಮಟೇಸ್ ತಡೆ ಔಷಧ ಎರಡೂ ಕಾಯಿಲೆಗೆ ಒದಗುತ್ತದೆ. ಮುಟ್ಟು ನಿಲ್ಲದವರಿಗಾದರೆ ಅಂಡಾಶಯವನ್ನು ತಣ್ಣಗಾಗಿಸುವ ಚುಚ್ಚುಮದ್ದಿನ ಜತೆಗೇ ಅದನ್ನು ಕೊಡಬೇಕು.

ನಿಮ್ಮ ಮುಂದಿರುವುದು ಈಗ ಎರಡು ದಾರಿ, ಯಾವುದು ಎಂಬುದು ಮಗುವಿನ ಪ್ರಯತ್ನ ಯಾವಾಗ ಎಂಬುದರ ಮೇಲೆ ನಿಂತಿದೆ. ಈ ವರ್ಷವೇ ಎಂದಾದರೆ ಮಾತ್ರೆಗೆ ಮರಳಬೇಡಿ. ನೋವಿಗೆ ಬೇರೆ ನೋವುನಿವಾರಕದ ವ್ಯವಸ್ಥೆ ಮಾಡಿಕೊಂಡು ನೇರವಾಗಿ ಬಂಜೆತನ ತಜ್ಞರ ಬಳಿ ಹೋಗಿ, 36ರಲ್ಲಿ ಆರು ತಿಂಗಳು ಸಣ್ಣ ಅವಧಿಯಲ್ಲ. ಒಂದೆರಡು ವರ್ಷ ತಡವೆಂದಾದರೆ, ಕುಟುಂಬದ ವಿಚಾರಣೆಯಲ್ಲಿ ಏನೂ ಸಿಗದಿದ್ದರೆ, ಡೈನೋಜೆಸ್ಟನ್ನೇ ಮತ್ತೆ ಶುರುಮಾಡಿ ಎನ್ನುತ್ತೇನೆ, ಅಂಡಗಳನ್ನು ಶೀತಲೀಕರಿಸಿ ಇಡುವ ಬಗ್ಗೆಯೂ ಕೇಳಿ ನೋಡಿ. ಶುರುಮಾಡುವ ಮುನ್ನ ಗರ್ಭ ಪರೀಕ್ಷೆ ಮಾಡಿಕೊಳ್ಳಿ, ಮಾತ್ರೆಯಿಲ್ಲದೆ ತಿಂಗಳಾಗಿದೆ. ತೆಗೆದುಕೊಳ್ಳುತ್ತಿರುವಾಗಲೂ ಗರ್ಭ ಬೇಡವಾದರೆ ಕಾಂಡೋಮ್ ಬಳಸಿ. ಮುಟ್ಟು ನಿಂತರೂ ಈ ಮಾತ್ರೆಯನ್ನು ಗರ್ಭನಿರೋಧಕವೆಂದು ನಂಬುವಂತಿಲ್ಲ. ಹಿಂದಿನ ಲ್ಯಾಪ್ರೊಸ್ಕೋಪಿಯ ವರದಿ, ಬಯಾಪ್ಸಿ ವರದಿ, ಎರಡೂ ಸ್ಕ್ಯಾನ್‌ಗಳನ್ನು ಒಂದೇ ಕಡತದಲ್ಲಿಟ್ಟುಕೊಂಡು ವೈದ್ಯರ ಬಳಿ ಹೋಗಿ. ಹಿಂದಿನ ಸ್ಕ್ಯಾನ್ ಕೈಯಲ್ಲಿಲ್ಲದಿದ್ದರೆ ಸಿಸ್ಟ್ ಬೆಳೆದಿದೆಯೋ ಇಲ್ಲವೋ ಎಂದು ಅವರಿಗೂ ಹೇಳಲಾಗುವುದಿಲ್ಲ.